ಬೆಲ್ಲದ ಸೀಮೆಯಲ್ಲಿ ಸಿಹಿಯ ಹಿಡಿತ

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಗೋಕಾಕ ಅಂದರೆ ಕರದಂಟು. ಮೂಡಲಗಿಯ ಸುತ್ತಲೂ ಕಬ್ಬಿನ ಹೊಲ. ಇಂಥ ಸೀಮೆಯಲ್ಲಿ ಬಂದವರ ಬಾಯಿ ಸಿಹಿ ಮಾಡದೆ ಕಳಿಸುವ ಮನೆ ಅಪರೂಪ. ಡಾಕ್ಟರು "ಸಕ್ರಿ ಕಡಿಮಿ ಮಾಡ್ರಿ" ಅಂದ ಮೇಲೆ ನಮ್ಮ ಮನೆಯ ಅಡುಗೆಯನ್ನು ಹೇಗೋ ಹೊಂದಿಸಿಕೊಳ್ಳಬಹುದು. ತ್ರಾಸಾಗುವುದು ಬೀಗರ ಮನೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಜಾತ್ರೆಯ ದಾಸೋಹದಲ್ಲಿ.

"ತಗೋರಿ, ಇದು ಸಕ್ರೀದಲ್ಲ, ಬೆಲ್ಲದ್ದೈತಿ." ಅಲ್ಲಿ ಮೊದಲು ಕೇಳುವ ಮಾತು ಇದು. ಅಕ್ಕರೆಯಿಂದ ಆಡಿದ್ದು ನಿಜ, ಆದರೂ ನಂಬಬಾರದು. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಸುಕ್ರೋಸೇ. ಜೊತೆಗಿರುವ ಖನಿಜಾಂಶ ಒಂದು ಹೋಳಿಗೆಯ ಮಟ್ಟಿಗೆ ತೀರ ಅಲ್ಪ. ಕಾಲು ಕಿಲೋ ಕಡಲೆಬೇಳೆಗೆ ಕಾಲು ಕಿಲೋ ಬೆಲ್ಲ ಹಾಕಿ 12 ಹೋಳಿಗೆ ಮಾಡಿದರೆ ಒಂದೊಂದರಲ್ಲೂ ಸುಮಾರು 20 ಗ್ರಾಂ ಬೆಲ್ಲ ಇರುತ್ತದೆ. ಬೆರೆಸಿದ ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಶೇ. 5ರ ಒಳಗಿದ್ದರೆ, ಅಂದರೆ ಸುಮಾರು 25 ಗ್ರಾಂ ಮೀರದಿದ್ದರೆ, ಇನ್ನೂ ಒಳ್ಳೆಯದು. ಎರಡನೆಯ ಹೋಳಿಗೆ ಮುಗಿಯುವ ಹೊತ್ತಿಗೆ ಈ 25 ಗ್ರಾಂ ದಾಟಿರುತ್ತದೆ.

ಹೋಳಿಗೆಯಾದರೂ ಹಬ್ಬಕ್ಕೊಮ್ಮೆ ಬರುತ್ತದೆ. ನನಗೆ ಹೆಚ್ಚು ಚಿಂತೆ ಚಹಾದ್ದು. ಲಗ್ನಪತ್ರಿಕೆ ಹಂಚಲು ಹೊರಟವರು ಐದು ಮನೆ ಹೊಕ್ಕರೆ ಐದು ಕಪ್ಪು ಚಹಾ ಕುಡಿಯಲೇಬೇಕು. ಕಪ್ಪಿಗೆ ಎರಡು ಚಮಚ ಸಕ್ಕರೆ ಹಿಡಿದರೂ ಒಟ್ಟು 40 ಗ್ರಾಂ ಮುಟ್ಟುತ್ತದೆ. ನಮ್ಮಲ್ಲಿ ನೀರು, ಹಾಲು, ಪುಡಿ, ಸಕ್ಕರೆ ಒಟ್ಟಿಗೇ ಕುದಿಯುತ್ತವೆ. ಕಪ್ಪು ಕೈಗೆ ಬಂದ ಮೇಲೆ ಬೇಡವೆಂದರೆ ಉಪಯೋಗವಿಲ್ಲ, ಮನೆಯವರಿಗೂ ನೋವು. ಹೊಸ್ತಿಲು ದಾಟುತ್ತಲೇ "ಅಕ್ಕಾರ, ನನಗ ಸಕ್ರಿ ಹಾಕೂಕಿಂತ ಮೊದಲ ಒಂದೀಟು ಚಹಾ ಸೋಸಿ ಕೊಡ್ರಿ" ಅಂದರೆ ಕೆಲಸ ಸುಲಭ. ಮಜ್ಜಿಗೆ ಕೇಳಿದರೂ ಆತಿಥ್ಯ ಸಲ್ಲುತ್ತದೆ.

ಊಟದ ಮನೆಗೂ ಇದೇ ಮಾತು. ಎಲೆಗೆ ಬಡಿಸಿದ ಮೇಲೆ ಬಿಡುವುದಕ್ಕಿಂತ ಬಡಿಸುವವರಿಗೆ ಮೊದಲೇ ಹೇಳುವುದು ಲೇಸು. "ನಮ್ಮ ಮನೀ ಹೋಳಿಗಿ ಸೇರಲಿಲ್ಲೇನ್ರಿ?" ಎಂದು ಯಜಮಾನಿ ಕೇಳಿದರೆ, "ನಿಮ್ಮ ಕಟ್ಟಿನ ಸಾರು ಇನ್ನೊಂದ ಸಲ ಹಾಕ್ರಿ, ಹೋಳಿಗಿ ಮೊಮ್ಮಕ್ಕಳಿಗೆ ಕಟ್ಟಿಕೊಡ್ರಿ" ಎನ್ನಿ. ಬುತ್ತಿ ಕಟ್ಟಿ ಕಳಿಸುವುದು ನಮ್ಮಲ್ಲಿ ಮೊದಲಿಂದಲೂ ಇದೆ, ಕೊಟ್ಟವರಿಗೂ ಸಮಾಧಾನ. ಆದರೆ ಕಟ್ಟಿನ ಸಾರಿಗೂ ಕೆಲವರು ಬೆಲ್ಲ ಹಾಕುತ್ತಾರೆ, ಕೇಳಿ ಹಾಕಿಸಿಕೊಳ್ಳಿ.

ಮೊದಲು ಸೌತೆಕಾಯಿ, ಹಸಿ ಮೆಂತ್ಯ ಸೊಪ್ಪು, ಮಡಕಿಕಾಳಿನ ಪಲ್ಯ, ಮೊಸರು ತಿಂದು ಆಮೇಲೆ ರೊಟ್ಟಿ, ಅನ್ನಕ್ಕೆ ಕೈ ಹಾಕಿದರೆ ಊಟದ ನಂತರ ಗ್ಲುಕೋಸು ಏರುವುದು ತಗ್ಗುತ್ತದೆ. ಜೋಳದ ರೊಟ್ಟಿಯೂ ಕೊನೆಗೆ ಗ್ಲುಕೋಸೇ ಆಗುವುದರಿಂದ ಸಿಹಿ ಬಿಟ್ಟೆನೆಂದು ನಾಲ್ಕು ರೊಟ್ಟಿ ಹೆಚ್ಚಿಗೆ ಉಣ್ಣುವಂತಿಲ್ಲ. ಉಂಡ ಮೇಲೆ ಎಲೆ ಅಡಿಕೆಗೆ ಕೂರುವ ಮುನ್ನ ಹತ್ತು ಹದಿನೈದು ನಿಮಿಷ ಅಡ್ಡಾಡಿ ಬನ್ನಿ.

ದಾಸೋಹದ ಗೋಧಿ ಹುಗ್ಗಿಯನ್ನು ಬೇಡವೆನ್ನಲು ಮನಸ್ಸು ಬಾರದು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಒಂದು ಬೆರಳಿನಷ್ಟು ಬಾಯಿಗಿಟ್ಟರೆ ಸಾಕು. ಪ್ರಸಾದಕ್ಕೆ ಅಳತೆ ಇಲ್ಲ.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಗುಳಿಗೆ ನುಂಗುವವರು ಮದುವೆ ಊಟ ತಡವಾಗುವುದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಪಂಕ್ತಿ ಯಾವಾಗ ಏಳುತ್ತದೋ ಯಾರಿಗೂ ಖಾತ್ರಿ ಇರುವುದಿಲ್ಲ. ಹೊತ್ತು ಮೀರಿ ಕೈ ನಡುಗಿ, ಬೆವರಿ, ತಲೆ ತಿರುಗಿದರೆ ರಕ್ತದ ಸಕ್ಕರೆ ಕುಸಿದಿರಬಹುದು. ಆಗ ಮಾತ್ರ ಸಕ್ಕರೆಯೇ ಔಷಧ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ನೋಡಿ, ನಡುಕ, ಬೆವರು ಇಳಿಯದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ದವಾಖಾನೆಗೆ ಒಯ್ಯಬೇಕು. ಊರಿಗೆ ಹೊರಡುವಾಗ ಅಂಗಿಯ ಕಿಸೆಯಲ್ಲಿ ಒಂದು ಪೊಟ್ಟಣ ಸಕ್ಕರೆ, ಇಂಥವರಿಗೆ ಗುಳಿಗೆಯಷ್ಟೇ ಅಗತ್ಯ.