ಉಪ್ಪುನೀರಿನ ಸಿಗಡಿ ಕೆರೆಗಳಲ್ಲಿ ತಳಮಣ್ಣು ತೆಗೆಯುವ ಕ್ರಮ

ಸಂತೆಕಟ್ಟೆಯಿಂದ ಪಡುವಣಕ್ಕೆ ಕಲ್ಯಾಣಪುರ, ಕೆಮ್ಮಣ್ಣುಗಳ ಕಡೆಗೆ ಹೋದಂತೆ ಸುವರ್ಣಾ ನದಿಯು ಅಗಲವಾಗುತ್ತ ಕೋಡಿಬೇಂಗ್ರೆಯ ಬಳಿಯಲ್ಲಿ ಸೀತಾನದಿಯೊಡನೆ ಸಮುದ್ರವನ್ನು ಸೇರುವುದು. ಭರತದ ಉಪ್ಪುನೀರು ಏರಿ ಬರುವ ಇಂತಹ ಅಳಿವೆಗಳ ಬದಿಯ ತಗ್ಗುಭೂಮಿಯಲ್ಲಿ ದಂಡೆ ಕಟ್ಟಿ ಸಿಗಡಿ ಸಾಕುವ ಕಸಬು ಕರಾವಳಿಯ ಜಮೀನುದಾರರಿಗೆ ಪರಿಚಿತವಾದುದೇ. ಕೆರೆಯು ಹಳೆಯದಾದಂತೆ ಅದರ ತಳದ ಮಣ್ಣನ್ನು ಏನು ಮಾಡತಕ್ಕದ್ದೆಂಬ ಪ್ರಶ್ನೆಯು ಮಾತ್ರ ಅನೇಕರನ್ನು ತಪ್ಪುದಾರಿಗೆ ಎಳೆದಿರುವುದು.

ಉಳಿದ ಆಹಾರ, ಸಿಗಡಿಯ ಮಲ, ಕಳಚಿದ ಚಿಪ್ಪು ಇವೆಲ್ಲವೂ ತಳದ ತಗ್ಗಿನಲ್ಲಿ ಕೂಡಿ ಗಾಳಿ ತಾಗದೆ ಕೊಳೆಯುವುವು. ಮಣ್ಣು ಕಪ್ಪಾಗಿ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುವುದು. ಅದು ಜಲಜನಕ ಸಲ್ಫೈಡೆಂಬ ವಿಷವಾಯು. ಸಿಗಡಿಯು ತಳದಲ್ಲಿಯೇ ಬಾಳತಕ್ಕ ಪ್ರಾಣಿಯಾದುದರಿಂದ ಪೆಟ್ಟು ಮೊದಲು ಅದಕ್ಕೇ. ಆದುದರಿಂದ ಬೆಳೆ ಇರುವಾಗ ತಳವನ್ನು ಎಂದಿಗೂ ಕದಡಬಾರದು.

ಹಾಗೆಂದು ಬೆಳೆ ಮುಗಿದೊಡನೆ ಯಂತ್ರ ತರಿಸಿ ತಳವನ್ನೆಲ್ಲ ಆಳಕ್ಕೆ ತೋಡಿಸುವುದೂ ಸರಿಯಲ್ಲ. 1994-95ರ ಸುಮಾರಿಗೆ ಬಿಳಿಚುಕ್ಕೆ ರೋಗವು ಭಾರತದ ಕರಾವಳಿಯ ಕೆರೆಗಳಿಗೆ ಹಬ್ಬಿ ಅಪಾರ ನಷ್ಟವನ್ನುಂಟುಮಾಡಿದುದು ಬಲ್ಲವರಿಗೆ ನೆನಪಿರಬಹುದು. ಆ ರೋಗದ ವೈರಾಣುವು ಮರಿಗಳ ಮೂಲಕವೂ ಏಡಿಗಳ ಮೂಲಕವೂ ಬರತಕ್ಕದ್ದು. ಎಷ್ಟು ಮಣ್ಣು ಹೊರಹಾಕಿದರೂ ಪರೀಕ್ಷಿಸದ ಮರಿ ತಂದವನಿಗೆ ಅದರಿಂದ ರಕ್ಷಣೆಯಿಲ್ಲ. ಮೇಲಾಗಿ ಅಳಿವೆಯ ಭೂಮಿಯ ಕೆಳಪದರಗಳಲ್ಲಿ, ವಿಶೇಷವಾಗಿ ಹಿಂದೆ ಕಾಂಡ್ಲಾ ಬೆಳೆದಿದ್ದ ಕಡೆ, ಗಂಧಕ ಸೇರಿದ ಕಬ್ಬಿಣದ ಅಂಶವು ಇರುವುದುಂಟು. ನೀರಿನಡಿಯಲ್ಲಿ ಇರುವ ತನಕ ಅದು ನಿರಪಾಯ. ಅಗೆದು ಗಾಳಿಗೆ ಒಡ್ಡಿದರೆ ಗಂಧಕಾಮ್ಲವಾಗುವುದು. ಒಣಗಿದ ಮಣ್ಣಿನಲ್ಲಿ ನಸುಹಳದಿ ಕಲೆಗಳೂ, ಒಸರುವ ನೀರಿನಲ್ಲಿ ತುಕ್ಕಿನ ಬಣ್ಣವೂ ಕಂಡರೆ ಅಗೆತವನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ಒಂದು ದಿನದ ಯಂತ್ರದ ಕೆಲಸದಿಂದ ಎದ್ದ ಹುಳಿಯನ್ನು ಇಳಿಸಲು ವರ್ಷಗಟ್ಟಲೆ ಸುಣ್ಣ ಸುರಿಯಬೇಕಾದೀತು.

ಹಳೆಯ ತಳದಲ್ಲಿ ಉಪಕಾರಿಗಳಾದ ಸೂಕ್ಷ್ಮಜೀವಿಗಳೂ ನೆಲೆಸಿರುವುವು. ಮಲಿನದಿಂದ ಹುಟ್ಟುವ ಅಮೋನಿಯವನ್ನು ಇವು ನೈಟ್ರೇಟಾಗಿ ಮಾರ್ಪಡಿಸುವುವು. ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಕಡಲಮೀನು ಸಾಕುವ ಹವ್ಯಾಸಿಗಳಲ್ಲಿ ಅನುಭವಿಗಳು ತೊಟ್ಟಿಯ ಮರಳನ್ನು ಒಮ್ಮೆಗೇ ಬದಲಿಸದೆ, ವಾರಗಳ ಅಂತರದಲ್ಲಿ ಒಂದೊಂದು ಮೂಲೆಯಾಗಿ ಬದಲಿಸುವುದು ಇದೇ ಕಾರಣದಿಂದ. ಕೆರೆಯಲ್ಲಿಯೂ ನ್ಯಾಯವು ಅದೇ.

ಮಳೆಯು ಪೂರ್ಣವಾಗಿ ನಿಂತ ಕಾಲದಲ್ಲಿ ನೀರನ್ನು ಖಾಲಿಮಾಡಿ, ತಳವು ಒಂದೆರಡು ಅಂಗುಲ ಆಳಕ್ಕೆ ಬಿರುಕು ಬಿಡುವವರೆಗೆ ಬಿಸಿಲಿಗೆ ಬಿಡತಕ್ಕದ್ದು. ಬಳಿಕ ತಗ್ಗಿನಲ್ಲಿ ಕೂಡಿದ ಕಪ್ಪು ಪದರವನ್ನಷ್ಟೇ ಹಾರೆ-ಬುಟ್ಟಿಗಳಿಂದ ತೆಗೆಸಬೇಕು. ಕೆಳಗಿನ ಗಟ್ಟಿಮಣ್ಣನ್ನು ಮುಟ್ಟಬಾರದು. ತೀರಾ ಧೂಳಾಗುವಂತೆ ಒಣಗಿಸುವುದೂ ಬೇಡ, ತೇವವಿಲ್ಲದೆ ಸೂಕ್ಷ್ಮಜೀವಿಗಳು ಕೆಲಸ ಮಾಡಲಾರವು. ಅನಂತರ ಮಣ್ಣಿನ ಪಿ.ಎಚ್. ಪರೀಕ್ಷಿಸಿ, 6ಕ್ಕೂ 7ಕ್ಕೂ ನಡುವೆ ಇದ್ದರೆ ಎಕರೆಗೆ 400ರಿಂದ 800 ಕಿಲೊ, 5ಕ್ಕೂ 6ಕ್ಕೂ ನಡುವೆ ಇದ್ದರೆ 800ರಿಂದ 1200 ಕಿಲೊ ಕೃಷಿಸುಣ್ಣವನ್ನು ಸಮನಾಗಿ ಹರಡಬಹುದು. ಸುಟ್ಟ ಚಿಪ್ಪಿನ ಸುಣ್ಣವು ಇದಕ್ಕಿಂತ ತೀಕ್ಷ್ಣವಾದುದು. ಅದನ್ನು ಬಳಸುವವರು ಪ್ರಮಾಣವನ್ನು ಇಳಿಸತಕ್ಕದ್ದು.

ತೆಗೆದ ಹೂಳಿನ ವಿಚಾರವು ಗ್ರಾಮಪ್ರಮುಖರ ಗಮನಕ್ಕೆ ವಿಶೇಷವಾಗಿ ಬರಬೇಕಾದುದು. ಅದನ್ನು ದಂಡೆಯ ಮೇಲೆಯೇ ಪೇರಿಸಿದರೆ ಮೊದಲ ಮಳೆಗೆ ಕೆರೆಗೇ ಮರಳುವುದು. ಗದ್ದೆಯ ಬದಿಗೆ ಹಾಕಿದರೆ ಉಪ್ಪು ಇಳಿದು ನೆರೆಯವರ ಭತ್ತವೂ ಕುಡಿಯುವ ನೀರಿನ ಬಾವಿಯೂ ಕೆಡುವುವು. ಒಮ್ಮೆ ಉಪ್ಪಾದ ಬಾವಿಯು ಬೇಗನೆ ಸಿಹಿಯಾಗದು. ನದಿಗೆ ತಳ್ಳಿದರೆ ಕೆಳಗಿನ ಕೆರೆಯವನು ಅದೇ ನೀರನ್ನು ಒಳಗೆ ಬಿಟ್ಟುಕೊಳ್ಳುವನು. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆಯಂತೆ ಇಂತಹ ಕೆರೆಗಳನ್ನು ನೋಂದಾಯಿಸತಕ್ಕದ್ದಾಗಿದೆ. ಕೆಲಸಕ್ಕೆ ಆಳುಗಳನ್ನು ಕರೆಯುವುದಕ್ಕೆ ಮುಂಚೆಯೇ ನೆರೆಯ ಜಮೀನಿನವರನ್ನು ಕೂಡಿಸಿ, ಬಾವಿ-ಗದ್ದೆಗಳಿಂದ ದೂರವಾದ ಸ್ವಂತ ಸ್ಥಳವೊಂದನ್ನು ಹೂಳಿಗಾಗಿ ಗೊತ್ತುಮಾಡಿ, ಅದರ ಸುತ್ತ ಮಳೆನೀರು ಹೊರಗೆ ಹರಿಯದಂತೆ ಚಿಕ್ಕ ದಂಡೆಯನ್ನು ಹಾಕಿಸತಕ್ಕದ್ದು.