ಆಸ್ಪತ್ರೆ ಖರ್ಚು: ಪಕ್ಷಗಳು ಜಗಳವಾಡಬೇಕಾದ್ದು ಯಾವುದಕ್ಕೆ?

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಂಥ ಊರಿನಲ್ಲಿ ಬಿಪಿಎಲ್ ಚೀಟಿ ಇರುವ ಕುಟುಂಬಕ್ಕೆ ಇವತ್ತು ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಪಡೆಯುವ ಹಕ್ಕಿದೆ. ಮನೆಯ ಯಜಮಾನನ ಹೃದಯದ ರಕ್ತನಾಳ ಕಟ್ಟಿಕೊಂಡರೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಬಹುದು, ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಮಾಡಿಸಬಹುದು. ಆದರೆ ಅದೇ ಮನೆಯ ಅಜ್ಜಿಗೆ ಶುಗರ್ ಮತ್ತು ಬಿಪಿ ಇದ್ದರೆ ಲೆಕ್ಕವೇ ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಇದ್ದ ತಿಂಗಳು ಸರಿ. ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ’ ಎಂದು ಚೀಟಿ ಬರೆದುಕೊಟ್ಟ ತಿಂಗಳು ವಿಜಯಪುರದ ಅಥವಾ ದೇವನಹಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ಕೈಯಿಂದಲೇ ದುಡ್ಡು ಕೊಡಬೇಕು. ರಕ್ತಪರೀಕ್ಷೆಯ ದುಡ್ಡು, ಬಸ್ ಚಾರ್ಜು, ಅವಳನ್ನು ಕರೆದುಕೊಂಡು ಹೋದವರ ಒಂದು ದಿನದ ಕೂಲಿ ಬೇರೆ. ಮನೆಯಲ್ಲಿರುವ ಆರೋಗ್ಯ ಕಾರ್ಡು ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ ಮಾತ್ರ. ಅಡ್ಮಿಟ್ ಆಗುವ ಮುಂಚಿನ ಮೂರು ದಿನ, ಡಿಸ್ಚಾರ್ಜ್ ಆದ ಮೇಲಿನ ಹದಿನೈದು ದಿನ ದಾಟಿದರೆ ಅದರ ರಕ್ಷಣೆ ಮುಗಿಯಿತು. ನಮ್ಮ ಪಕ್ಷಗಳು ಆರೋಗ್ಯದ ಬಗ್ಗೆ ಎಷ್ಟೇ ಜೋರಾಗಿ ಕಿತ್ತಾಡಿದರೂ ಈ ಅಜ್ಜಿಯ ಖರ್ಚು ಆ ಜಗಳದೊಳಗೆ ಬರುತ್ತಿಲ್ಲ. ಅದನ್ನು ಅಲ್ಲಿಗೆ ತರಬೇಕಾದವರು ಮತದಾರರು.

ಕಳೆದ ಎರಡು ದಶಕಗಳ ದಾಖಲೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂತು. ತಿಂಗಳಿಗೆ ಐದು ರೂಪಾಯಿ ಕಟ್ಟಿದ ರೈತ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಆಗ ದೇಶಕ್ಕೇ ಹೊಸದು. ಬಿಜೆಪಿ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ತಂದಿತು. 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಎಲ್ಲವನ್ನೂ ಒಂದುಗೂಡಿಸಿ ಆರೋಗ್ಯ ಕರ್ನಾಟಕ ಎಂದಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಬಂದು, ಕುಮಾರಸ್ವಾಮಿ ಸರ್ಕಾರದ ಅವಧಿಯಲ್ಲಿ ಎರಡೂ ಕೂಡಿಕೊಂಡವು. ನಿಂತುಹೋಗಿದ್ದ ಯಶಸ್ವಿನಿಗೆ 2022ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಮರುಜೀವ ಕೊಟ್ಟಿತು. ಮೂರೂ ಪಕ್ಷಗಳು ಅಧಿಕಾರ ನಡೆಸಿದವು, ಹೆಸರು ಹಲವು ಸಲ ಬದಲಾಯಿತು, ಮೂಲ ಸೂತ್ರ ಮಾತ್ರ ಬದಲಾಗಲಿಲ್ಲ: ಅಡ್ಮಿಟ್ ಆದರೆ ಆಸ್ಪತ್ರೆಗೆ ಸರ್ಕಾರ ಪ್ಯಾಕೇಜ್ ದರ ಕಟ್ಟುತ್ತದೆ. ಉಳಿದ ಜಗಳವೆಲ್ಲ ಕಾರ್ಡಿನ ಮೇಲೆ ಯಾರ ಹೆಸರು, ಖರ್ಚಿನಲ್ಲಿ ಯಾರ ಪಾಲೆಷ್ಟು ಎಂಬುದರ ಸುತ್ತ. ಕೇಂದ್ರ ಶೇ 60, ರಾಜ್ಯ ಶೇ 40 ಎಂಬುದು ನಿಯಮ. ಆದರೆ ಕೇಂದ್ರ ತನ್ನ ಪಾಲು ಕೊಡುವುದು ತಾನು ಗುರುತಿಸಿದ ಸುಮಾರು 62 ಲಕ್ಷ ಕುಟುಂಬಗಳಿಗೆ ಮಾತ್ರ. ಅದರಾಚೆಗಿನವರ ಭಾರ ರಾಜ್ಯದ್ದು. ಕೇಂದ್ರದ ಪಾಲು ಸಾಲದು ಎಂಬ ರಾಜ್ಯದ ದೂರಿನಲ್ಲಿ ನ್ಯಾಯವಿದೆ. ಆದರೆ ನಾಳೆ ಬೆಳಗ್ಗೆ ಆ ದೂರು ಬಗೆಹರಿದರೂ ಅಜ್ಜಿಯ ಮಾತ್ರೆ ಖರ್ಚು ಒಂದು ರೂಪಾಯಿಯೂ ಇಳಿಯುವುದಿಲ್ಲ.

ಅಮೆರಿಕದಲ್ಲಿ ಈ ಜಗಳ ಇನ್ನೂ ಕಟುವಾಗಿದೆ. 2010ರಲ್ಲಿ ಒಬಾಮ ಸಹಿ ಹಾಕಿದ ಆರೋಗ್ಯ ಕಾಯ್ದೆಗೆ ರಿಪಬ್ಲಿಕನ್ ಪಕ್ಷದ ಒಂದು ಮತವೂ ಬೀಳಲಿಲ್ಲ. 2017ರಲ್ಲಿ ಅದರ ಮುಖ್ಯ ಭಾಗಗಳನ್ನು ಕಿತ್ತುಹಾಕುವ ಯತ್ನ ಸೆನೆಟ್‌ನಲ್ಲಿ 49–51ರಲ್ಲಿ ಬಿದ್ದುಹೋಯಿತು. ವಿಮೆ ಕಂತಿಗೆ ಕೊಡುತ್ತಿದ್ದ ಹೆಚ್ಚುವರಿ ಸಬ್ಸಿಡಿ ಮುಂದುವರಿಯಬೇಕೇ ಬೇಡವೇ ಎಂಬ ಹಟದಲ್ಲಿ 2025ರ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಕೆಲಸವೇ ನಿಂತಿತು. ಇಷ್ಟು ಕಹಿಯಿದ್ದರೂ ಅಲ್ಲಿನ ಪ್ರಶ್ನೆ ತಿರುಳಿನದ್ದು: ದುಡ್ಡು ಯಾರು ಕಟ್ಟಬೇಕು, ಯಾರಿಗೆ ಎಷ್ಟು ರಕ್ಷಣೆ ಸಿಗಬೇಕು? ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಆ ದೇಶ ತನ್ನ ಒಟ್ಟು ಉತ್ಪನ್ನದ ಆರನೇ ಒಂದು ಪಾಲಿಗಿಂತ ಹೆಚ್ಚನ್ನು ಆರೋಗ್ಯಕ್ಕೆ ಸುರಿದರೂ ಕೋಟ್ಯಂತರ ಜನ ವಿಮೆಯಿಲ್ಲದೆ ಉಳಿದಿದ್ದಾರೆ. ಚಿಕಿತ್ಸೆಯ ಬೆಲೆಯನ್ನು ಹಿಡಿತಕ್ಕೆ ತಾರದೆ ವಿಮೆಯನ್ನಷ್ಟೇ ಹಿಗ್ಗಿಸಿದರೆ, ಹಿಗ್ಗಿಸಿದಷ್ಟೂ ಬೆಲೆ ಅದನ್ನು ನುಂಗುತ್ತದೆ.

ಬೆಲೆಯ ಪ್ರಶ್ನೆಯನ್ನು ಕರ್ನಾಟಕ ಒಮ್ಮೆ ನೇರವಾಗಿ ಕೈಗೆತ್ತಿಕೊಂಡಿತ್ತು. 2017ರಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದರು. ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ, ತಪ್ಪಿದರೆ ಶಿಕ್ಷೆ, ರೋಗಿಗಳಿಗೆ ಹಕ್ಕುಪಟ್ಟಿ ಅದರಲ್ಲಿದ್ದವು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳು ಮುಚ್ಚಿದವು, ಜನ ಪರದಾಡಿದರು. ಕೊನೆಗೆ ಅಂಗೀಕಾರವಾದ ಮಸೂದೆಯಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಸೀಮಿತವಾಯಿತು. ಕೈಯಿಂದ ದುಡ್ಡು ಕೊಡುವ ರೋಗಿಗೆ ಸಿಕ್ಕಿದ್ದು ದರಪಟ್ಟಿ ನೋಡುವ ಹಕ್ಕು. ಆಮೇಲೆ ಅಧಿಕಾರಕ್ಕೆ ಬಂದ ಯಾವ ಪಕ್ಷವೂ ಎಲ್ಲ ಚಿಕಿತ್ಸೆಗೂ ಅನ್ವಯಿಸುವ ದರಮಿತಿ ತರಲಿಲ್ಲ. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಆದೇಶಿಸಿದಾಗ ಔಷಧಿ ಸುದ್ದಿಯಾಯಿತು. ಆಸ್ಪತ್ರೆಯಲ್ಲೇ ಔಷಧಿ ಉಚಿತವಾಗಿ ಸಿಗಬೇಕಾದ ಮೇಲೆ ಅಂಗಡಿ ಏಕೆ ಎಂದಿತು ಕಾಂಗ್ರೆಸ್. ಅಗ್ಗದ ಔಷಧಿಗೂ ರಾಜಕೀಯವೇ ಎಂದಿತು ಬಿಜೆಪಿ. ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಎರಡೂ ಪಕ್ಷಗಳ ಮಾತಿನಲ್ಲಿ ಸತ್ಯವಿದೆ, ಆದರೆ ಎರಡನ್ನೂ ಅಳೆಯುವ ಕೋಲು ಒಂದೇ: ವರ್ಷದ ಹನ್ನೆರಡು ತಿಂಗಳೂ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮಾತ್ರೆ ಇರುತ್ತದೆಯೇ?

ಈ ವಾದಕ್ಕೆ ಕೆಲವು ಆಕ್ಷೇಪಗಳು ಬರುತ್ತವೆ. ಆಸ್ಪತ್ರೆ ವಿಮೆಯನ್ನು ಹೀಗೆ ಹಗುರಾಗಿ ಕಾಣಬಹುದೇ ಎನ್ನುವವರಿದ್ದಾರೆ. ಖಂಡಿತ ಕಾಣಬಾರದು. ಜಮೀನು ಮಾರಿ ಆಪರೇಷನ್ ಮಾಡಿಸಿಕೊಳ್ಳುವ ಗತಿಯಿಂದ ಎಷ್ಟೋ ಕುಟುಂಬಗಳನ್ನು ಅದು ಉಳಿಸಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ರಲ್ಲಿ ಶೇ 39.4ಕ್ಕೆ ಇಳಿದಿದೆ. ಆದರೂ ನೂರಕ್ಕೆ ಮೂವತ್ತೊಂಬತ್ತು ರೂಪಾಯಿ ಜನರ ಜೇಬಿನಿಂದಲೇ ಹೋಗುತ್ತಿದೆ, ಅದರಲ್ಲಿ ದೊಡ್ಡ ಪಾಲು ಔಷಧಿಯದು. ಬಿಪಿ, ಶುಗರ್ ಹಿಡಿತದಲ್ಲಿಲ್ಲದಿದ್ದರೆ ಮುಂದೆ ಬರುವುದು ಲಕ್ವ, ಹೃದಯಾಘಾತ, ಕಿಡ್ನಿ ವೈಫಲ್ಯ. ದಿನದ ಮಾತ್ರೆಯ ದುಡ್ಡು ಉಳಿಸಿ ವರ್ಷಗಟ್ಟಲೆ ಡಯಾಲಿಸಿಸ್‌ಗೆ ಖರ್ಚು ಮಾಡುವ ವ್ಯವಸ್ಥೆ ಬೊಕ್ಕಸಕ್ಕೂ ನಷ್ಟ, ರೋಗಿಗೂ ನಷ್ಟ.

ಎಲ್ಲರಿಗೂ ಔಷಧಿ ಕೊಡುವಷ್ಟು ದುಡ್ಡು ಎಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. ತಮಿಳುನಾಡು 1995ರಿಂದಲೇ ಒಂದು ನಿಗಮದ ಮೂಲಕ ಜನೆರಿಕ್ ಔಷಧಿಯನ್ನು ಸಗಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ಹಂಚುತ್ತಿದೆ. ಡಿಎಂಕೆ ಬಂದರೂ ಎಐಎಡಿಎಂಕೆ ಬಂದರೂ ಅದು ನಿಲ್ಲಲಿಲ್ಲ. ರಾಜಸ್ಥಾನದಲ್ಲಿ 2011ರಲ್ಲಿ ಕಾಂಗ್ರೆಸ್ ಶುರುಮಾಡಿದ ಉಚಿತ ಔಷಧಿ ಯೋಜನೆ ಬಿಜೆಪಿ ಕಾಲದಲ್ಲೂ ನಡೆಯಿತು. ಹಾಗಾದರೆ ಗುಣಮಟ್ಟದ ಗತಿಯೇನು ಎಂದು ಕೇಳುವುದು ನ್ಯಾಯವೇ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸರ್ಕಾರ ಪೂರೈಸಿದ ಐವಿ ದ್ರಾವಣದ ಮೇಲೇ ಅನುಮಾನ ಎದ್ದಿತು. ಆ ನೋವು ಹೇಳುವುದು ಖರೀದಿಯಲ್ಲಿ ಪರೀಕ್ಷೆ ಬಿಗಿಯಾಗಬೇಕು, ಹೊಣೆ ನಿಗದಿಯಾಗಬೇಕು ಎಂದು. ಬಡವರು ಔಷಧಿಯನ್ನು ಹೊರಗೆ ಕೊಂಡುಕೊಳ್ಳಲಿ ಎಂದು ಕೈತೊಳೆದುಕೊಳ್ಳಲು ಅದು ನೆಪವಾಗಬಾರದು.

ಆರೋಗ್ಯದಲ್ಲಿ ರಾಜಕೀಯ ಬೇಡ ಎಂಬ ಮಾತನ್ನೂ ಒಪ್ಪಲಾಗದು. ತೆರಿಗೆಯ ದುಡ್ಡು ಯಾರ ಕಾಯಿಲೆಗೆ, ಯಾವ ಹಂತದಲ್ಲಿ ಖರ್ಚಾಗಬೇಕು ಎಂಬುದು ರಾಜಕೀಯದ ಪ್ರಶ್ನೆಯೇ. ಪಕ್ಷಗಳಲ್ಲಿ ಭಿನ್ನಾಭಿಪ್ರಾಯ ಇರಲಿ, ಅದು ವಿಷಯದ ಮೇಲಿರಲಿ. ಪಕ್ಕದ ಕೋಲಾರದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲೇ ಬಿಪಿ, ಶುಗರ್ ತಪಾಸಣೆ ಮಾಡುವ ಹಾದಿ ತೋರಿಸಿದೆ. ಮುಂದೆ ಯಾವ ಸರ್ಕಾರ ಬಂದರೂ ಆ ಯೋಜನೆಯ ಹೆಸರು ಬದಲಿಸುವ ಮೊದಲು ಅದರ ಔಷಧಿ ಬಜೆಟ್ ಹೆಚ್ಚಿಸಲಿ. ವೋಟು ಕೇಳಲು ನಲ್ಲೂರಿಗೆ ಬರುವ ಅಭ್ಯರ್ಥಿ ಯಾವ ಪಕ್ಷದವರೇ ಆಗಿರಲಿ, ಅವರ ಮುಂದೆ ಮೂರು ಪ್ರಶ್ನೆ ಇಡಬಹುದು. ನಮ್ಮ ಆರೋಗ್ಯ ಕೇಂದ್ರದಲ್ಲಿ ಕಳೆದ ವರ್ಷ ಯಾವ ಮಾತ್ರೆ ಎಷ್ಟು ದಿನ ಇರಲಿಲ್ಲ? ರಕ್ತಪರೀಕ್ಷೆಯನ್ನು ಊರಿನಲ್ಲೇ ಉಚಿತವಾಗಿ ಮಾಡಿಸುತ್ತೀರಾ? ಕೈಯಿಂದ ದುಡ್ಡು ಕೊಡುವ ರೋಗಿಗೆ ಖಾಸಗಿ ಆಸ್ಪತ್ರೆಯ ದರಮಿತಿ ತರುವುದಕ್ಕೆ ನಿಮ್ಮ ಪಕ್ಷದ ಒಪ್ಪಿಗೆ ಇದೆಯೇ? ಈ ಮೂರಕ್ಕೆ ಎರಡು ಪಕ್ಷಗಳು ಎರಡು ಬೇರೆ ಉತ್ತರ ಕೊಟ್ಟ ದಿನ ನಮ್ಮಲ್ಲಿ ನಿಜವಾದ ಆರೋಗ್ಯ ಚರ್ಚೆ ಶುರುವಾಗುತ್ತದೆ.