ಮನೆಯೇ ಗ್ಯಾಲರಿಯಾದಾಗ

ಆರ್ಟ್ ಗ್ಯಾಲರಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಗಾಜಿನ ಬಾಗಿಲು, ತಣ್ಣನೆಯ ಎ.ಸಿ., ಲಕ್ಷಗಟ್ಟಲೆ ಬೆಲೆಯ ಚಿತ್ರಗಳು. ತುಮಕೂರಿನ ಸದಾಶಿವನಗರದಲ್ಲಿರುವ ನಮಗೂ ಅದಕ್ಕೂ ಏನು ಸಂಬಂಧ ಎಂದು ಪುಟ ತಿರುವಬೇಡಿ. ಇಲ್ಲಿಂದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಬೆಂಗಳೂರು. ಅಲ್ಲಿ ಶಾಂತಿನಗರದ ಶಾಂತಿ ರಸ್ತೆಯಲ್ಲಿ ಒಂದನೇ ನಂಬರಿನ ಮನೆಯಿದೆ. ಗ್ಯಾಲರಿಯ ಹೆಸರೂ ಅದೇ, ‘1 ಶಾಂತಿರೋಡ್’. ಬೇರೆ ಹೆಸರು ಹುಡುಕುವ ಗೋಜಿಗೇ ಹೋಗಿಲ್ಲ.

2003ರಲ್ಲಿ ಇದನ್ನು ಆರಂಭಿಸಿದವರು ಕಲಾ ಇತಿಹಾಸಕಾರ ಸುರೇಶ್ ಜಯರಾಮ್. ಬರೋಡಾದಲ್ಲಿ ಕಲಿತು ಬಂದ ಅವರು ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪಾಠ ಹೇಳಿದವರು, ಪ್ರಾಂಶುಪಾಲರೂ ಆಗಿದ್ದವರು. ಪಾಠ ಹೇಳುವವರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಪದವಿ ಮುಗಿಸಿದ ಹುಡುಗಿ ಮರುದಿನದಿಂದ ಎಲ್ಲಿ ಕುಳಿತು ಚಿತ್ರ ಬರೆಯಬೇಕು? ಬರೆದದ್ದನ್ನು ಯಾವ ಗೋಡೆಗೆ ತೂಗಬೇಕು? ವ್ಯಾಪಾರದ ಗ್ಯಾಲರಿಗಳು ಮಾರಾಟದ ಕಮಿಷನ್ನಿನಿಂದ ನಡೆಯುವಂಥವು. ಆದ್ದರಿಂದ ಅಲ್ಲಿ ಹೆಸರು ಮಾಡಿದವರಿಗೇ ಮೊದಲ ಮಣೆ. ಅದು ತಪ್ಪೆಂದು ನಾನು ಹೇಳಲಾರೆ, ಬಾಡಿಗೆ ಕಟ್ಟಬೇಕಲ್ಲ!

ಸುರೇಶ್ ಜಯರಾಮ್ ಹಿಡಿದ ದಾರಿ ಬೇರೆ. ತಾವಿರುವ ಮನೆಯನ್ನೇ ಕಲೆಗೆ ತೆರೆದಿಟ್ಟರು. ಬಾದಾಮಿ ಮರವಿರುವ ಅಂಗಳದ ಸುತ್ತ ಇದನ್ನು ವಿನ್ಯಾಸ ಮಾಡಿದವರು ಮೀತಾ ಜೈನ್ ಎಂಬ ಮಹಿಳಾ ವಾಸ್ತುಶಿಲ್ಪಿ. ದೇಶ ವಿದೇಶದ ಕಲಾವಿದರು ಇಲ್ಲಿ ಬಂದು ಉಳಿಯುತ್ತಾರೆ, ಕೆಲಸ ಮಾಡುತ್ತಾರೆ, ಮಾಡಿದ್ದನ್ನು ಇಲ್ಲೇ ತೋರಿಸುತ್ತಾರೆ. ಪ್ರದರ್ಶನ ನಡೆದ ಕೋಣೆಯಲ್ಲೇ ಇನ್ನೊಂದು ಸಂಜೆ ಉಪನ್ಯಾಸ. ಕೃತಿ ಮಾರಾಟವಾಗಲೇಬೇಕೆಂಬ ಹಂಗಿಲ್ಲದ್ದರಿಂದ ಹೊಸಬರು ಧೈರ್ಯವಾಗಿ ಪ್ರಯೋಗ ಮಾಡಬಹುದು. ಕೆಲವು ನಮಗೆ ಅರ್ಥವಾಗದೆಯೂ ಹೋಗಬಹುದು, ಇರಲಿ.

ಮನೆ ನಡೆಸುವ ನಮಗೆ ಗೊತ್ತು, ನಾಲ್ಕು ದಿನ ಅತಿಥಿಗಳಿದ್ದರೆ ಅಡುಗೆಮನೆ ಏನಾಗುತ್ತದೆಂದು. ಇಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅತಿಥಿಗಳು ಬರುತ್ತಲೇ ಇದ್ದಾರೆ! ಅವರಲ್ಲಿ ಎಷ್ಟೋ ಮಂದಿ ಒಲೆಯ ಮುಂದೆ ನಿಂತು ತಮ್ಮೂರಿನ ಅಡುಗೆಯನ್ನೂ ಮಾಡಿದ್ದಾರೆ. ಆ ಅಡುಗೆಗಳೆಲ್ಲ ಸೇರಿ ‘1 ಶಾಂತಿರೋಡ್ ಕುಕ್‌ಬುಕ್’ ಎಂಬ ಪುಸ್ತಕವೇ ಆಗಿದೆ. ಗ್ಯಾಲರಿಯಿಂದ ಚಿತ್ರಗಳ ಕ್ಯಾಟಲಾಗ್ ಬರುವುದುಂಟು, ಅಡುಗೆ ಪುಸ್ತಕ ಬರುವುದು ಅಪರೂಪ.

ನಿಮ್ಮ ಮನೆಯಲ್ಲೂ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನೆಲ್ಲ ಚಿತ್ರದಿಂದ ತುಂಬಿಸುವ ಮಗಳಿರಬಹುದು, ಹಬ್ಬದ ಹಿಂದಿನ ರಾತ್ರಿ ಇಡೀ ಗಲ್ಲಿಯ ಕೈಗಳಿಗೆ ಮೆಹಂದಿ ಹಚ್ಚುವವಳು. ಬೆಂಗಳೂರಿಗೆ ಹೋದಾಗ ಅವಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಪ್ರತಿದಿನ ಪ್ರದರ್ಶನ ಇರುವುದಿಲ್ಲ, ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.